ಅಪ್‌ಡೇಟ್: ನೊರೆ ಬರ್ತಿತ್ತು, ತಾಮ್ರ ಮಾತ್ರ ಬರ್ತಿರಲಿಲ್ಲ. ಈಗ ಬರ್ತಿದೆ

ನೆನಪಿಗೆ: ಲೀಟರಿಗೆ 30 ಮಿಲಿಗ್ರಾಂ ತಾಮ್ರ ಇರೋ ನೀರಿಗೆ ಸೋಡಿಯಂ ಡೊಡೆಸಿಲ್ ಸಲ್ಫೇಟ್ (ನೊರೆ ಬರಿಸೋ, ಸೋಪಿನಂಥ ವಸ್ತು) ಹಾಕಿ ಗಾಳಿ ಊದಿದ್ರೆ, ಸೋಪಿನ ಅಣುಗಳು ತಾಮ್ರವನ್ನು ಹಿಡಿದು ಗುಳ್ಳೆಗಳ ಜೊತೆ ನೊರೆಗೆ ತರಬೇಕು. ನನ್ನಲ್ಲಿ ನೊರೆ ಉಕ್ಕುತ್ತೆ, ತಾಮ್ರ ಮಾತ್ರ ನೀರಲ್ಲೇ ಉಳಿಯುತ್ತೆ, ಯಾಕೆ ಅಂತ ಕೇಳಿದ್ದೆ.

ಸೋಪು ಜಾಸ್ತಿಯಾಗಿದೆ ಅಂತ ನೀವು ಹೇಳಿದ್ದೇ ಸರಿ, ತಪ್ಪು ನನ್ನ ಕೈಗುಣದ್ದು. ಲೀಟರಿಗೆ 3 ಗ್ರಾಂ ಸುರಿದಿದ್ದೆ, ಅಂದ್ರೆ ಸುಮಾರು 10 ಮಿಲಿಮೋಲ್. 8 ಮಿಲಿಮೋಲ್ ದಾಟಿದ್ರೆ ಸೋಪಿನ ಅಣುಗಳು ನೀರೊಳಗೇ ಗುಂಪುಗೂಡಿ ಮೈಸೆಲ್ ಅನ್ನೋ ಪುಟ್ಟ ಉಂಡೆಗಳಾಗ್ತವೆ. ತಾಮ್ರ ಅವಕ್ಕೆ ಅಂಟಿಕೊಂಡು ಕೆಳಗೇ ಕೂರುತ್ತೆ, ಗುಳ್ಳೆ ಹತ್ತೋದೇ ಇಲ್ಲ. ಒಂದು ತಾಮ್ರದ ಅಯಾನಿಗೆ ಎರಡು ಅಣು ಸಾಕಲ್ವಾ? ಲೆಕ್ಕ ಹಾಕಿದ್ರೆ 0.27 ಗ್ರಾಂ. ಹತ್ತು ಪಟ್ಟಿಗಿಂತ ಜಾಸ್ತಿ ಹಾಕಿದ್ದೆ, ನಾಚಿಕೆಗೇಡು!

ಈ ಸಲ 0.3 ಗ್ರಾಂ ಹಾಕಿದೆ, ಗಾಳಿ ನಿಧಾನಕ್ಕೆ ಬಿಟ್ಟೆ, ಪಿಎಚ್ 5ರ ಹತ್ತಿರ ಇಟ್ಟೆ. ತೆಗೆದ ನೊರೆ ಕರಗಿದ ಮೇಲೆ ಎರಡು ಹನಿ ಅಮೋನಿಯಾ ಬಿಟ್ಟೆ (ತಾಮ್ರ ಇದ್ರೆ ನೀಲಿ ಆಗುತ್ತೆ): ಗಾಢ ನೀಲಿ! ಉಳಿದ ನೀರಿಗೆ ಬಿಟ್ರೆ ಬಣ್ಣ ಕಾಣೋದೇ ಕಷ್ಟ.

ಸತು ಬೆರೆಸಿದ್ರೆ ಮಾತ್ರ ಎರಡೂ ಒಟ್ಟಿಗೆ ಮೇಲೆ ಬರ್ತವೆ. ಎರಡಕ್ಕೂ ಒಂದೇ ವಿದ್ಯುದಂಶ, ಸೋಪಿಗೆ ಭೇದ ತಿಳಿಯಲ್ಲ. ತಾಮ್ರವನ್ನು ಬಿಗಿಯಾಗಿ ಹಿಡಿಯೋ ಅಮೈನ್ (ಅಮೋನಿಯಾದ ಜಾತಿಯ ಸಂಯುಕ್ತ) ಸೇರಿಸಿ ನೋಡ್ಬೇಕು, ಮುಂದಿನ ವಾರ.