ಪುಟ್ಟಿ, ಕೊಡಚಾದ್ರಿಗೆ ಹೋಗು, ಎದೆ ಕಟ್ಟಿಸ್ಕೊಂಡು ಬರ್ಬೇಡ

ಹಾಂ ಪುಟ್ಟಿ, ದೊಡ್ಡಮ್ಮ ಮಾತಾಡ್ತಿರೋದು. ಕುಕ್ಕರ್ ಇಳಿಸಿ ಈಗ ಕೂತೆ, ನಿನ್ನ ಮೆಸೇಜು ನೋಡ್ದೆ. ಪಾಪುಗೆ ಐದು ತಿಂಗಳು, ಬರೋ ಶನಿವಾರ ಬಿಟ್ಟು ಅದರಾಚೆ ಶನಿವಾರ ನೀವಿಬ್ರೇ ನಿಟ್ಟೂರ ಹತ್ರ ತೋಟದಲ್ಲಿ ಟೆಂಟಲ್ಲಿದ್ದು ಕೊಡಚಾದ್ರಿ ನೋಡಿ ಬರೋದು, ಪಾಪು ಶಿವಮೊಗ್ಗದಲ್ಲಿ ನಿಮ್ಮಮ್ಮನ ಹತ್ರ. ಆದ್ರೆ ಬಾಟಲಿ ಬಾಯಿಗಿಟ್ರೆ ಉಗುಳತ್ತೆ, ಹೋಗೋದೇ ಬಿಟ್ಬಿಡ್ಲಾ ಅಂತ ಕೇಳಿದೀಯ. ಬಿಡ್ಬೇಡ. ಹೋಗಿ ಬನ್ನಿ. ಆದ್ರೆ ಮೊದ್ಲು ನಾನು ಹೇಳೋದು ಕೇಳು.

ಎಲ್ರೂ ಪಾಪುದೇ ಯೋಚ್ನೆ ಮಾಡ್ತಿದೀರ. ಪಾಪುಗೇನೂ ಆಗಲ್ಲ, ಅಜ್ಜಿ ಇದಾಳೆ. ಆಗೋದು ನಿಂಗೆ, ಕುಡಿಯೋರಿಲ್ದೆ ಹಾಲು ಎದೇಲೇ ನಿಂತು ಗಟ್ಟಿ ಆಗತ್ತೆ. ಎದೆ ಕಟ್ಟಕ್ಕೆ ಬಿಡ್ಬೇಡ. ಗುಂಪಲ್ಲಿ ಗಂಡಸರಿದೀರಿ ಅಂತ ಗೊತ್ತು, ನಾಚಿಕೆ ಆದೋರು ಸೌಂಡ್ ಕಮ್ಮಿ ಮಾಡ್ಕೊಳ್ಳಿ. ಅಳಿಯಂದ್ರು ಮಾತ್ರ ಕೊನೇತನಕ ಕೇಳ್ಬೇಕು.

1988ರ ಕಾರ್ತಿಕದಲ್ಲಿ ನಾವೂ ಇದೇ ಕೊಡಚಾದ್ರಿಗೆ ಹೋಗಿದ್ವಲ್ಲ, ನಿಮ್ಮಮ್ಮಂಗೆ ನೆನಪಿದೆ. ದೊಡ್ಡವನಿಗೆ ಆರು ತಿಂಗಳು ತುಂಬಿರ್ಲಿಲ್ಲ. ಬೆಳಗ್ಗೆ 6ಕ್ಕೆ ಕುಡಿಸಿ ಹೊರಟೋಳು, ಮಧ್ಯಾಹ್ನಕ್ಕೆ ರವಿಕೆ ಮುಂದೆಲ್ಲ ಒದ್ದೆ. ಸಂಜೆಗೆ ಒದ್ದೆ ಆಗೋದೂ ನಿಂತ್ಹೋಯ್ತು. ಹಾಲು ಕಮ್ಮಿ ಆಯ್ತು, ಒಳ್ಳೇದೇ ಆಯ್ತು ಅಂದ್ಕೊಂಡೆ. ಕಮ್ಮಿ ಆಗಿದ್ದಲ್ಲ ಅದು, ತುಂಬಿ ಊದ್ಕೊಂಡು ಹಾಲು ಬರೋ ದಾರೀನೇ ಮುಚ್ಚಿದ್ದು. ರಾತ್ರಿ ಹಲ್ಲು ಕಟಕಟ ಅನ್ನೋ ಚಳಿ, ಜ್ವರ, ಎಡಗಡೆ ಮುಟ್ಟಿದ್ರೆ ಒರಳುಕಲ್ಲು. ಮನೆಗೆ ಬಂದ್ರೆ ಹಿರಿಯೋರೊಬ್ರು ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದ್ದೇ ತಿಕ್ಕಿದ್ದು. ಆ ಕಡೆ ಹಾಲು ಕೆಟ್ಟಿದೆ, ಮಗುಗೆ ಕೊಡ್ಬೇಡ ಅಂದ್ರು. ಎರಡೂ ತಪ್ಪು. ತಿಕ್ಕಿದ್ರೆ ಒಳಗಿನ ಬಾವು ಹೆಚ್ಚಾಗತ್ತೆ, ಕುಡಿಸದೇ ಬಿಟ್ರೆ ಹಾಲು ಅಲ್ಲೇ ನಿಲ್ಲತ್ತೆ. ಎಂಟನೇ ದಿನಕ್ಕೆ ಕೀವಾಗಿ, ಆಸ್ಪತ್ರೇಲಿ ಕೊಯ್ದು ಬತ್ತಿ ಇಟ್ರು. ಗುರುತು ಈಗ್ಲೂ ಇದೆ.

ಅದಕ್ಕೇ ಹೇಳೋದು. ಅಲ್ಲಿ ಪಾಪು ಕುಡಿಯೋ ಹೊತ್ತಿಗೆ ಇಲ್ಲಿ ನೀನು ಹಿಂಡ್ಬೇಕು. ಮೂರರಿಂದ ನಾಲ್ಕು ಗಂಟೆಗೊಂದ್ಸಲ, ಎರಡೂ ಕಡೆ ಸೇರಿ 15-20 ನಿಮಿಷ. ಪಂಪ್ ತಗೊಂಡು ಹೋಗು, ಆದ್ರೆ ಅದನ್ನೇ ನಂಬ್ಕೊಂಡು ಹೋಗ್ಬೇಡ, ಟೆಂಟಲ್ಲಿ ಚಾರ್ಜು ಮುಗಿದ್ರೆ ಏನ್ಮಾಡ್ತೀಯ? ಕೈಯಲ್ಲಿ ತೆಗೆಯೋದು ಇವತ್ತೇ ಕಲಿ. ತೊಟ್ಟಿಂದ ಎರಡು ಬೆರಳು ಹಿಂದೆ ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ. ಮೊದ್ಲು ಎದೆಗೂಡಿನ ಕಡೆಗೆ ಒತ್ತು, ಆಮೇಲೆ ಬೆರಳು ಕೂಡಿಸು, ಬಿಡು. ತೊಟ್ಟು ಹಿಡಿದು ಎಳೀಬಾರ್ದು, ಚರ್ಮದ ಮೇಲೆ ಬೆರಳು ಜಾರಿಸ್ಬಾರ್ದು. ಒಂದು ನಿಮಿಷ ಏನೂ ಬರಲ್ಲ, ಆಮೇಲೆ ಚಿಮ್ಮತ್ತೆ. ಗಟ್ಟಿ ಆಗಿದ್ರೆ ತೆಗೆಯೋ ಮುಂಚೆ ಎರಡು ನಿಮಿಷ ಬೆಚ್ಚಗಿನ ಬಟ್ಟೆ, ತೆಗೆದ ಮೇಲೆ ತಣ್ಣೀರ ಬಟ್ಟೆ.

ಜೀಪು ಹತ್ತೋ ಮುಂಚೆ ಒಂದ್ಸಲ ತೆಗೆದ್ಬಿಡು. ಆ ರಸ್ತೇಲಿ ಜೀಪು ಹಾರೋ ಹಾರಾಟಕ್ಕೆ, ತುಂಬಿದ ಎದೆ ಇಟ್ಕೊಂಡು ಕೂತ್ರೆ ಪ್ರಾಣ ಹೋಗತ್ತೆ. ಬೆನ್ನಿಗೆ ಹಾಕೋ ಬ್ಯಾಗಿಗೆ ಎದೆ ಮೇಲೆ ಅಡ್ಡ ಪಟ್ಟಿ ಇರತ್ತಲ್ಲ, ಅದು ಹಾಕ್ಬೇಡ, ತಂತಿ ಇರೋ ಒಳಉಡುಪೂ ಬೇಡ. ಒಂದೇ ಜಾಗ ಒತ್ತಿ ಒತ್ತಿ ಅಲ್ಲೇ ಗಂಟು ಕಟ್ಟತ್ತೆ. ಬ್ಯಾಗು ಅಳಿಯಂದ್ರು ಹೊರ್ಲಿ.

ರಾತ್ರಿದು ಮರೀಬೇಡ, ಎಲ್ರೂ ಎಡವೋದು ಅಲ್ಲೇ. ಐದು ತಿಂಗಳಾದ್ಮೇಲೆ ಪೂರ್ತಿ ನಿದ್ದೆ ಸಿಗತ್ತೆ ಅಂತ ಹತ್ತಕ್ಕೆ ಮಲಗಿ ಏಳಕ್ಕೆ ಏಳ್ತೀಯ, ಅಷ್ಟರಲ್ಲಿ ಕಟ್ಟಿರತ್ತೆ. 2 ಗಂಟೆಗೆ ಅಲಾರಾಂ ಇಡು. ಇನ್ನೊಂದ್ಸಲ ಹೇಳ್ತೀನಿ, ಎದೆ ಕಟ್ಟಕ್ಕೆ ಬಿಡ್ಬೇಡ. ಕೆಂಪಾಯ್ತು, ಜ್ವರ ಬಂತು ಅಂದ್ರೆ ಆ ಕಡೆಯಿಂದ ಕುಡಿಸೋದು, ತೆಗೆಯೋದು ನಿಲ್ಲಿಸ್ಬೇಡ. ಒಂದು ದಿನದಲ್ಲಿ ಇಳೀದಿದ್ರೆ ಡಾಕ್ಟ್ರು. ಎಣ್ಣೆ ತಿಕ್ಕೋರ ಕೈಗೆ ಸಿಗ್ಬೇಡ.

ಅಲ್ಲಿ ತೆಗೆದ ಹಾಲು ಚೆಲ್ಬೇಡ. ಗಟ್ಟಿಯಾದ ಐಸ್ ಪ್ಯಾಕ್ ಹಾಕಿದ ಪೆಟ್ಟಿಗೇಲಿ 24 ಗಂಟೆ ಇರತ್ತೆ. ತೋಟದ ಮನೆಯೋರ ಫ್ರಿಜ್ಜಲ್ಲಿ ಜಾಗ ಕೊಡ್ತಾರಾ ಅಂತ ಬುಕ್ ಮಾಡುವಾಗ್ಲೇ ಕೇಳು.

ಮತ್ತೆ ಉಣುಗು, ಮೈಗೆ ಹತ್ತಿ ರಕ್ತ ಹೀರೋ ಹುಳ. ನಮ್ಮ ಕಡೆಯೋರಿಗೆ ಹೇಳ್ಬೇಕಾ, 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಸಿಕ್ಕಿದ, ಈ ಉಣುಗು ಕಚ್ಚಿ ಬರೋ ಮಂಗನ ಕಾಯಿಲೆ ಇನ್ನೂ ಹೋಗಿಲ್ಲ, ಚಳಿಗಾಲ ಬಂತಂದ್ರೆ ಶುರು. ಪ್ಯಾಂಟು ಕಾಲುಚೀಲದೊಳಗೆ ಸೇರ್ಸು, ಸೊಪ್ಪಿನ ರಾಶಿ, ಉದುರಿದ ಒಣಎಲೆ ದರಗಿನ ಮೇಲೆ ಕೂರ್ಬೇಡ. ಉಣುಗಿಗೆ ಹಚ್ಚೋ ಎಣ್ಣೆ ಎದೆಗೆ ಮಾತ್ರ ಬೇಡ. ಮನೆಗೆ ಬಂದ ತಕ್ಷಣ ಪಾಪು ಎತ್ಕೋಬೇಡಿ ಇಬ್ರೂ. ಮೊದ್ಲು ಬಚ್ಚಲು, ಬಟ್ಟೆ ಬಿಸಿನೀರಿಗೆ, ಮೈ ಸಂದಿಯೆಲ್ಲ ನೋಡ್ಕೊಂಡು ಆಮೇಲೆ ಪಾಪು.

ನಂಗೆ ಈಗ್ಲೂ ಹೊಟ್ಟೆ ಉರಿಯೋದು ಯಾವುದಕ್ಕೆ ಗೊತ್ತಾ? ಅತ್ತೆಮನೇಲಿ ಇವತ್ತಿಗೂ ನಾನು "ಮಗು ಬಿಟ್ಟು ಗುಡ್ಡ ಹತ್ತಿದೋಳು". ಪಕ್ಕದಲ್ಲೇ ಹತ್ತಿದ ನಿಮ್ಮ ದೊಡ್ಡಪ್ಪಂಗೆ ಒಂದು ಮಾತಿಲ್ಲ, ಅವರು ಸುತ್ತಾಟದ ಮನುಷ್ಯ ಅಂತೆ! ಆ ಮನೆಯೋರು ಈ ಗುಂಪಲ್ಲಿಲ್ಲ, ಅದಕ್ಕೇ ಹೇಳ್ತಿದೀನಿ. ತವರಿಂದ ನಂಗೆ ಕೊಟ್ಟ ಬೆಳ್ಳಿ ಒಳಲೆ, ಮಗುಗೆ ಹಾಲು ಕುಡಿಸೋ ಮೂತಿ ಇರೋ ಪುಟ್ಟ ಬಟ್ಟಲು, ನಿಮ್ಮಜ್ಜಿ ಕಿವಿಯೋಲೆ ಮುರಿಸಿ ದುಡ್ಡು ಹೊಂದಿಸಿದ್ದು, ನಾದಿನಿ ಬಾಣಂತನಕ್ಕೆ ಅಂತ ಒಯ್ದ್ರು. ಅವರ ಮಗಳಿಗೂ ಈಗ ಮಕ್ಕಳಾದ್ವು. ಒಳಲೆ ಎಲ್ಲಿ ಅಂದ್ರೆ "ಯಾವ ಒಳಲೆ ಅತ್ತಿಗೆ" ಅಂತಾರೆ!

ಅಯ್ಯೋ, ಒಳಲೆ! ಪುಟ್ಟಿ, ನೀನು ಕೇಳಿದ್ದೇ ಅದು, ಬಾಟಲಿ ಬೇಡ ಅನ್ನತ್ತೆ ಅಂತ. ಬಾಟಲಿ ಯಾಕೆ ಬೇಕು? ಒಳಲೇಲಿ ಕುಡಿಸು. ಇವತ್ತಿಂದ ದಿನಾ ಒಂದು ಹೊತ್ತು ನಿಮ್ಮಮ್ಮ ಕುಡಿಸ್ಲಿ, ನೀನು ಆ ಕೋಣೇಲೇ ಇರ್ಬೇಡ, ನಿನ್ನ ವಾಸನೆ ಬಂದ್ರೆ ಬೇರೇದು ಬೇಡ ಅನ್ನತ್ತೆ. ಹಸಿದು ಕಿರುಚೋ ತನಕ ಕಾಯ್ಬಾರ್ದು, ಬಾಯಿ ಚಪ್ಪರಿಸೋಕೆ ಶುರು ಮಾಡ್ದಾಗ್ಲೇ ಕೊಡ್ಬೇಕು. ಮಲಗಿಸ್ಬೇಡಿ, ತೊಡೆ ಮೇಲೆ ಅರ್ಧ ಕೂರಿಸಿ, ಒಳಲೆ ಮೂತಿ ಕೆಳತುಟಿ ಅಂಚಿಗೆ ತಾಗಿಸಿ, ಹಾಲು ತುಟಿಗೆ ಮುಟ್ಟೋ ಅಷ್ಟೇ ಬಗ್ಗಿಸಿ ಕಾಯಿ. ಅದೇ ನಾಲಿಗೆ ಚಾಚಿ ಹೀರ್ಕೊಳತ್ತೆ. ನಾವು ಸುರಿದ್ರೆ ನೆತ್ತಿಗೇರತ್ತೆ. ಮೊದಲ ಎರಡು ದಿನ ಅರ್ಧ ಅಂಗಿಗೇ ಹೋಗತ್ತೆ, ಹೆದರ್ಬೇಡ.

ಲೆಕ್ಕ ಬರ್ಕೋ. ಗಂಟೆಗೆ 30 ಮಿಲಿ ಹಿಡಿ. ಶನಿವಾರ 8ಕ್ಕೆ ಹೊರಟು ಭಾನುವಾರ 12ಕ್ಕೆ ಬಂದ್ರೆ 28 ಗಂಟೆ, 840 ಮಿಲಿ. ಚೆಲ್ಲಿದ್ದು, ತಡ ಆಗಿದ್ದು ಸೇರಿ ಒಂದು ಲೀಟರ್ ಇರ್ಲಿ. ನಾಳೆಯಿಂದ ದಿನಾ ಬೆಳಗ್ಗೆ ಮೊದಲ ಸಲ ಕುಡಿಸಿ ಅರ್ಧ ಗಂಟೆ ಬಿಟ್ಟು 80 ಮಿಲಿ ತೆಗೆದ್ರೂ 12 ದಿನಕ್ಕೆ ಹತ್ರಹತ್ರ ಆಗತ್ತೆ. 60 ಮಿಲಿಗೊಂದು ಪ್ಯಾಕೆಟ್ಟು, ತಾರೀಕು ಬರೆದು, ಮೇಲೆ ಜಾಗ ಬಿಟ್ಟು, ಚಪ್ಪಟೆ ಮಲಗಿಸಿ. ಅಮ್ಮನ ಮನೆ ಒಂದು ಬಾಗಿಲ ಫ್ರಿಜ್ಜಿನ ಐಸ್ ಪೆಟ್ಟಿಗೇಲಿ ಎರಡು ವಾರ ಮಾತ್ರ ಇಡೋದು, ಅದಕ್ಕಿಂತ ಮುಂಚೆ ಶುರು ಮಾಡೋದು ಬೇಡ. ನಾಲ್ಕನೇ ದಿನ ಒಂದು ಪ್ಯಾಕೆಟ್ಟು ಕರಗಿಸಿ ಮೂಸಿ ನೋಡು. ಕೆಲವರ ಹಾಲು ಐಸಲ್ಲಿಟ್ರೆ ಸೋಪಿನ ವಾಸನೆ ಬರತ್ತೆ, ಕೆಟ್ಟಿರಲ್ಲ, ಆದ್ರೆ ಮಗು ಮುಟ್ಟಲ್ಲ. ಹಾಗಾದ್ರೆ ಇನ್ಮೇಲೆ ತೆಗೆದ ತಕ್ಷಣ ಪಾತ್ರೆ ಅಂಚಲ್ಲಿ ಗುಳ್ಳೆ ಬರೋ ತನಕ ಬಿಸಿ ಮಾಡಿ, ಬೇಗ ಆರಿಸಿ ಆಮೇಲೆ ಐಸಿಗಿಡು.

ಪುಟ್ಟಿ ಅಮ್ಮ, ನೀನೂ ಕೇಳಿಸ್ಕೋ. ಶುಕ್ರವಾರ ರಾತ್ರಿ ಪ್ಯಾಕೆಟ್ಟುಗಳಲ್ಲಿ ಅರ್ಧದಷ್ಟು ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸು, ಉಳಿದದ್ದು ಶನಿವಾರ ಮಧ್ಯಾಹ್ನ. ಕರಗಿದ್ದು ಫ್ರಿಜ್ಜಲ್ಲಿ 24 ಗಂಟೆ, ತಿರುಗಿ ಐಸಿಗಿಡಬಾರ್ದು. ಒಲೆ ಮೇಲೆ ಇಡ್ಬೇಡ, ಬಿಸಿನೀರ ಪಾತ್ರೇಲಿ ಪ್ಯಾಕೆಟ್ಟು ಇಡು ಸಾಕು. ಕುಡಿದು ಉಳಿದದ್ದು ಎರಡು ಗಂಟೆ ಆದ್ಮೇಲೆ ಚೆಲ್ಲು, ಮನಸ್ಸಿಗೆ ಬೇಜಾರಾದ್ರೂ ಚೆಲ್ಲು. ನೀರು ಬೇಡ, ಜೇನು ಬೇಡ, ರಾಗಿ ಸರಿ ಆರು ತಿಂಗಳಾದ್ಮೇಲೆ.

ಬೆಳ್ಳಿ ಒಳಲೆ ಹುಡುಕ್ಬೇಡಿ, ಶಿವಮೊಗ್ಗದ ಗಾಂಧಿ ಬಜಾರಲ್ಲಿ ಪಾತ್ರೆ ಅಂಗಡೀಲಿ ಸ್ಟೀಲಿಂದು ಕೇಳಿ. ಎರಡು ತಗೊಳ್ಳಿ, ಒಂದು ಕುದೀತಿರ್ಲಿ, ಒಂದು ಕೈಯಲ್ಲಿರ್ಲಿ. ಇಡ್ತೀನಿ, ಬೇಳೆ ಆರ್ತಾ ಬಂತು.