ಸಹಾಯ ಬೇಕು: ಮಾತ್ರೆಗಳು ಅಸಲಿಯೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಹಾರಾಷ್ಟ್ರದ ಡೊಂಬಿವಲಿಯಲ್ಲಿ ನಮ್ಮದೊಂದು ಔಷಧಿ ಅಂಗಡಿಯಿದೆ. ಹೊಸ ಸಗಟು ವ್ಯಾಪಾರಿಯೊಬ್ಬರು ಕಳುಹಿಸಿದ ರಕ್ತದೊತ್ತಡದ ಮಾತ್ರೆಗಳ ಸ್ಟ್ರಿಪ್ಪಿನ ಹಿಂಬದಿಯಲ್ಲಿರುವ ಬ್ಯಾಚ್ ಸಂಖ್ಯೆ ಬೆರಳಿನಿಂದ ಉಜ್ಜಿದರೆ ಮಸುಕಾಗುತ್ತಿದೆ. ಹಳೆಯ ದಾಸ್ತಾನಿನಲ್ಲಿ ಹೀಗಾಗುತ್ತಿರಲಿಲ್ಲ. ಸದ್ಯಕ್ಕೆ ಆ ಮಾಲಿನ ಮಾರಾಟ ನಿಲ್ಲಿಸಿದ್ದೇವೆ.

2023ರ ಆಗಸ್ಟ್ 1ರಿಂದ 300 ಪ್ರಮುಖ ಬ್ರಾಂಡುಗಳಿಗೆ ಕಡ್ಡಾಯವಾಗಿರುವ ಕ್ಯೂಆರ್ ಕೋಡ್ ಇದರ ಮೇಲೂ ಇದ್ದು, ಸ್ಕ್ಯಾನ್ ಮಾಡಿದಾಗ ತಯಾರಕರ ವಿಳಾಸ, ಬ್ಯಾಚ್, ಅವಧಿ ಮುಗಿಯುವ ದಿನಾಂಕ, ಪರವಾನಗಿ ಸಂಖ್ಯೆ ಎಲ್ಲವೂ ಸರಿಯಾಗಿಯೇ ಕಾಣುತ್ತವೆ. ಆದರೆ ಅಸಲಿ ಕೋಡನ್ನೇ ನಕಲು ಮಾಡಿ ಅಚ್ಚು ಹಾಕಿದರೂ ಅದೇ ವಿವರ ಬರುತ್ತದೆಯಾದ್ದರಿಂದ (ನಕಲಿ ಮಾಲು ಮಾಡುವವರಿಗೆ ಇಷ್ಟು ತಿಳಿಯದೇ?) ಅದೊಂದನ್ನೇ ನಂಬಲು ಮನಸ್ಸು ಒಪ್ಪುತ್ತಿಲ್ಲ.

ಈ ಬ್ಯಾಚನ್ನು ಆ ವ್ಯಾಪಾರಿಗೆ ನಿಜವಾಗಿಯೂ ಪೂರೈಸಲಾಗಿದೆಯೇ ಎಂಬುದನ್ನು ತಯಾರಕರಿಂದ ಲಿಖಿತವಾಗಿ ಪಡೆದವರು ಇಲ್ಲಿದ್ದಾರೆಯೇ? 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಕಾಯ್ದೆಯ 26ನೆಯ ಸೆಕ್ಷನ್ ಪ್ರಕಾರ, ಖರೀದಿಸಿದವರು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಅದಕ್ಕೆ ಠಾಣೆ ಜಿಲ್ಲೆಯ ಎಫ್‌ಡಿಎ (ಆಹಾರ ಮತ್ತು ಔಷಧ ಆಡಳಿತ) ಕಚೇರಿಯಲ್ಲಿ ಯಾರನ್ನು ಕಾಣಬೇಕು, ಬಿಲ್ಲಿನ ಜೊತೆ ಯಾವ ಕಾಗದಪತ್ರ ಒಯ್ಯಬೇಕು, ವರದಿ ಬರಲು ಎಷ್ಟು ಕಾಲ ಹಿಡಿಯುತ್ತದೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.