ಅಪ್‌ಡೇಟ್: ಐರನ್ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರುತ್ತಿರಲಿಲ್ಲ, ಕಾರಣ ಸಿಕ್ಕಿತು

ಹೋದ ಸಲ ನಾನು ಕೇಳಿದ್ದು: ವಯಸ್ಸು 47, ಮುಟ್ಟು ಹಿಂದೆ ಮುಂದೆ, ಬಂದರೆ ಎಂಟು ದಿನ ಸ್ರಾವ, ಹಿಮೋಗ್ಲೋಬಿನ್ 8.6. ಎರಡು ತಿಂಗಳು ಮಾತ್ರೆ ತಗೊಂಡರೂ ಯಾಕೆ ಏರಲಿಲ್ಲ?

ತಪ್ಪು ಮಾತ್ರೆಯದ್ದಲ್ಲ, ಹೊತ್ತಿನದ್ದು. ಕೋಲಾರದ ಕಡೆ ಬೆಳಗ್ಗೆ ಟೀ ಇಲ್ಲದೆ ಏನೂ ಗಂಟಲಿಗಿಳಿಯಲ್ಲ. ಮಾತ್ರೆಯೂ ಅದರ ಜತೆಗೇ ಹೋಗುತ್ತಿತ್ತು. ಟೀಯಲ್ಲಿರುವ ಟ್ಯಾನಿನ್ ಅನ್ನೋ ಒಗರು ಅಂಶ ಕಬ್ಬಿಣವನ್ನು ಕಟ್ಟಿಹಾಕುತ್ತೆ, ಮೈಗೆ ಹತ್ತಲ್ಲ. ಕ್ಯಾಲ್ಸಿಯಂ ಮಾತ್ರೆ, ಹಾಲು, ರಾಗಿ ಮುದ್ದೆ ಜತೆಗೂ ಇದೇ ಪಾಡು. (ಮುದ್ದೆ ಬಿಡಬೇಕಿಲ್ಲ, ಹೊತ್ತು ಬೇರೆ ಮಾಡಿದರೆ ಸಾಕು.)

ಈಗ ಐರನ್ ಬೆಳಗ್ಗೆ ಬರಿಹೊಟ್ಟೆಗೆ, ಅರ್ಧ ನಿಂಬೆಹಣ್ಣು ಹಿಂಡಿದ ನೀರಲ್ಲಿ. ಟೀ ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ ರಾತ್ರಿ ಊಟವಾದ ಮೇಲೆ. ಥೈರಾಯ್ಡ್ ಮಾತ್ರೆ ಇರುವವರು ಅದಕ್ಕೂ ಐರನ್‌ಗೂ ನಾಲ್ಕು ಗಂಟೆ ಅಂತರ ಇಡಿ. ಮಲ ಕಪ್ಪಗಾದರೆ ಗಾಬರಿ ಬೇಡ. ಹೊಟ್ಟೆ ತೊಳಸಿದರೆ ದಿನ ಬಿಟ್ಟು ದಿನ ಕೊಡ್ತಾರೆ, ಡಾಕ್ಟರನ್ನು ಕೇಳಿ ನೋಡಿ.

ನಾಲ್ಕು ವಾರಕ್ಕೆ ಹಿಮೋಗ್ಲೋಬಿನ್ 10.1. 12 ದಾಟಿದ ಮೇಲೂ ಮೂರು ತಿಂಗಳು ನಿಲ್ಲಿಸೋ ಹಾಗಿಲ್ಲ, ಮೈಯಲ್ಲಿ ಖಾಲಿಯಾದ ಕಬ್ಬಿಣದ ದಾಸ್ತಾನು ತುಂಬಬೇಕಲ್ಲ.

ಆದರೆ ಕೊಡ ಸೋರುತ್ತಿದ್ದರೆ ನೀರು ತುಂಬಿ ಏನು ಫಲ? ಸ್ಕ್ಯಾನ್‌ನಲ್ಲಿ 3 ಸೆಂಟಿಮೀಟರ್ ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ, ಕ್ಯಾನ್ಸರ್ ಅಲ್ಲ) ಕಂಡಿದೆ. 45 ದಾಟಿದ್ದರಿಂದ ಗರ್ಭಕೋಶದ ಒಳಪದರದ ಬಯಾಪ್ಸಿಯೂ (ಚೂರು ತೆಗೆದು ಪರೀಕ್ಷೆ) ಆಯ್ತು, ತೊಂದರೆ ಇಲ್ಲ. ಸ್ರಾವದ ದಿನಗಳಿಗೆ ಮಾತ್ರ ಟ್ರಾನೆಕ್ಸಾಮಿಕ್ ಆಸಿಡ್ ಅನ್ನೋ ಸ್ರಾವ ಕಡಿಮೆ ಮಾಡುವ ಮಾತ್ರೆ ಬರೆದಿದ್ದಾರೆ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು ಇದನ್ನು ಮುಟ್ಟಲೇಬಾರದು.

ಗಂಟೆಗೊಂದು ಪ್ಯಾಡ್ ಒದ್ದೆಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತು 12 ತಿಂಗಳಾದ ಮೇಲೆ ಒಂದು ಹನಿ ಕಂಡರೂ ತೋರಿಸಿ.